ಹಳೆಯ ಪಿಕಪ್‌ಗೂ ಹತ್ತು ನಿಮಿಷ ಕೊಡಿ



ಕೆಚ್ಚಲು ಬಾವು, ಖನಿಜ ಮಿಶ್ರಣ, ಕರುಗಳ ಜಂತುನಾಶಕ, ಕಾಲುಬಾಯಿ ಲಸಿಕೆ ಇವುಗಳ ಬಗ್ಗೆ ಈ ಪುಟಗಳಲ್ಲಿ ನಾವು ಬೇಕಾದಷ್ಟು ಓದಿದ್ದೇವೆ. ಆದರೆ ಹಾಲಿನ ಕ್ಯಾನು, ಹಸಿರು ಮೇವು, ಇಂಡಿ ಬೂಸಾ ಮೂಟೆ ಎಲ್ಲವನ್ನೂ ಹೊರುವ ಮನೆಯ ಹಳೆಯ ಪಿಕಪ್ ಗಾಡಿಯ ಮಾತು ಬಂದರೆ ಮಾತ್ರ ‘ಅದು ಗಂಡಸರ ವ್ಯವಹಾರ’ ಎಂದು ಸೆರಗು ಕೊಡವಿ ಎದ್ದುಬಿಡುತ್ತೇವೆ. ನನ್ನ ತಕರಾರು ಇರುವುದು ಇಲ್ಲೇ. ಆ ಗಾಡಿಗೆ ಡೀಸೆಲ್ ಹಾಕಿಸುವುದು ಹಾಲಿನ ಬಟವಾಡೆಯ ದುಡ್ಡು. ಕೊಂಡಾಗ ಮುಂಗಡಕ್ಕೆ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದವರೂ ಎಷ್ಟೋ ಮನೆಗಳಲ್ಲಿ ನಾವೇ. ಅದು ದಾರಿಯಲ್ಲಿ ನಿಂತರೆ ಹುಳಿಯಾಗುವುದು ನಾವು ಕರೆದ ಹಾಲು. ಇಷ್ಟಾದ ಮೇಲೂ ಗಾಡಿಯ ಬಾನೆಟ್ ಎತ್ತಿ ಒಳಗೆ ಏನಿದೆ ಎಂದು ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಸಮಯ ಎಲ್ಲಿದೆ ಎಂದು ಕೇಳುತ್ತೀರಿ, ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದರೆ ಸಗಣಿ ಬಾಚುವುದು, ಹಾಲು ಕರೆಯುವುದು, ಡೇರಿಗೆ ಹಾಕುವುದು, ಮಕ್ಕಳ ಬುತ್ತಿ, ಮೇವು ಕೊಯ್ಯುವುದು, ಮತ್ತೆ ಸಂಜೆಯ ಕರೆಯುವಿಕೆ. ಗಾಡಿ ಓಡಿಸುವವರಿಗೂ ಬಿಡುವಿಲ್ಲ. ಹಾಲು ಇಳಿಸಿ ಬಂದವರು ಟೊಮೆಟೊ ಲೋಡಿಗೋ, ಗೊಬ್ಬರಕ್ಕೋ ಹೊರಡುತ್ತಾರೆ. ಹೀಗಾಗಿ ಗಾಡಿಯ ಎಲ್ಲ ಕೆಲಸವನ್ನೂ ‘ಭಾನುವಾರ ನೋಡೋಣ’ ಎಂದು ಮುಂದೂಡುತ್ತೇವೆ. ಹಸುವಿಗೆ ಭಾನುವಾರ ಗೊತ್ತಿಲ್ಲವಲ್ಲ, ಆ ಭಾನುವಾರವೂ ಬರುವುದಿಲ್ಲ. ಗಾಡಿ ಬುಧವಾರ ಬೆಳಿಗ್ಗೆ ಏಳು ಗಂಟೆಗೆ, ಕ್ಯಾನು ತುಂಬಿಕೊಂಡು ಹೊರಟಾಗಲೇ ನಿಲ್ಲುತ್ತದೆ.

ಎರಡು ಮೂರು ಲಕ್ಷ ಕಿಲೋಮೀಟರ್ ಓಡಿದ ಗಾಡಿಗೆ ಇಡೀ ದಿನದ ಸೇವೆ ಬೇಕೆಂದು ಕಾಯುತ್ತಾ ಕೂರುವುದೇ ತಪ್ಪು ಲೆಕ್ಕ. ಅದಕ್ಕೆ ಬೇಕಾದ್ದು ದಿನಕ್ಕೆ ಒಂದೆರಡು ನಿಮಿಷದ ನೋಟ, ವಾರಕ್ಕೊಮ್ಮೆ ಹತ್ತು ನಿಮಿಷದ ಕೈ. ಯಾವುದನ್ನು ಬಿಡಬಾರದು, ಯಾವುದನ್ನು ಕಣ್ಣುಮುಚ್ಚಿ ಬಿಡಬಹುದು ಎಂಬ ವಿವೇಕವೂ ಜೊತೆಗಿರಬೇಕು. ಆ ನೋಟ ನಮ್ಮದೇ ಆಗಿರಬೇಕು ಎಂದು ನಾನು ಹೇಳುತ್ತೇನೆ. ಕೊಟ್ಟಿಗೆಯಲ್ಲಿ ನಿಂತು ಹಸು ಮೇವು ಬಿಟ್ಟಿದೆಯೇ, ಮೂಗು ಒಣಗಿದೆಯೇ, ಸಗಣಿ ತೆಳುವಾಗಿದೆಯೇ ಎಂದು ನೋಡುವ ಕಣ್ಣಿಗೆ ಈ ಕೆಲಸ ಹೊಸದಲ್ಲ.

‘ಇಷ್ಟು ತಾಪತ್ರಯ ಯಾಕೆ, ಹಳೆಯದನ್ನು ಮಾರಿ ಹೊಸದು ತಗೊಳ್ಳೋಣ’ ಎಂಬ ಮಾತು ಮನೆಯಲ್ಲಿ ಎದ್ದೇ ಏಳುತ್ತದೆ. ಆಗ ಪೆನ್ನು ಹಿಡಿಯಿರಿ. ಎಂಟು ಲಕ್ಷ ಸಾಲ, ಶೇಕಡಾ 10 ಬಡ್ಡಿ, ಐದು ವರ್ಷ ಎಂದಿಟ್ಟುಕೊಳ್ಳಿ. ತಿಂಗಳ ಕಂತು ಸುಮಾರು 17,000 ರೂಪಾಯಿ. ಲೀಟರಿಗೆ 35 ರೂಪಾಯಿ ಎಂದು ಹಿಡಿದರೂ ಆ ಕಂತಿಗೆ ದಿನಕ್ಕೆ 16 ಲೀಟರ್ ಹಾಲು ಬೇಕು. ಒಂದು ಒಳ್ಳೆಯ ಎಚ್‌ಎಫ್ ಹಸು ಐದು ವರ್ಷ, ಒಂದು ದಿನವೂ ಬತ್ತದೆ, ಬ್ಯಾಂಕಿಗೇ ಹಾಲು ಕರೆದಂತೆ. ಅದರ ಹಿಂಡಿ, ಮೇವು, ಡಾಕ್ಟರ ಖರ್ಚು ಇನ್ನೂ ಬೇರೆ. ಹಳೆಯ ಗಾಡಿಗೆ ವರ್ಷಕ್ಕೆ ಎಷ್ಟು ಖರ್ಚಾಗಿದೆ ಎಂದು ಕೂಡಿ ಈ ಲೆಕ್ಕದ ಪಕ್ಕ ಇಡಿ. ಬಹಳ ಮನೆಗಳಲ್ಲಿ ಹಳೆಯದನ್ನೇ ನೆಟ್ಟಗೆ ನೋಡಿಕೊಳ್ಳುವುದು ಲಾಭ ಎಂದೇ ಬರುತ್ತದೆ.

ಮೊದಲು ಭಾರದ ಮಾತು. 40 ಲೀಟರಿನ ಒಂದು ಕ್ಯಾನು ತುಂಬಿದರೆ ಹಾಲೇ 41 ಕಿಲೋ, ಕ್ಯಾನಿನ ತೂಕ ಸೇರಿ 50 ಕಿಲೋ ಹತ್ತಿರ. ಹದಿನೈದು ಕ್ಯಾನು ಎಂದರೆ ಮುಕ್ಕಾಲು ಟನ್. ಟಾಟಾ ಏಸ್‌ನಂಥ ಚಿಕ್ಕ ಗಾಡಿ ಹೊರಬೇಕಾದ್ದೇ ಅಷ್ಟು. ಅದರ ಮೇಲೆ ನಾಲ್ಕು ಮೂಟೆ ಬೂಸಾ, ಮೇಲೊಬ್ಬರು ಕೂತರೆ ಬ್ರೇಕು, ಟೈರು, ಕಮಾನು ಪಟ್ಟಿ ಎಲ್ಲದರ ಮೇಲೂ ಹೊರೆ ಮೀರುತ್ತದೆ. ಸರಕು ಗಾಡಿಯ ಹಿಂದೆ ಜನ ಕೂರುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯೂ ಕೈಕೊಡುತ್ತದೆ. ಆದರೂ ಜಾತ್ರೆಗೆ, ಮದುವೆಗೆ, ನಾಟಿ ಕೆಲಸಕ್ಕೆ ಹಾಗೆ ಕೂತು ಹೋಗುವವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳೇ. ಹಾಗಾಗಿ ಕೈಯಲ್ಲಿ ಸಾವಿರ ರೂಪಾಯಿ, ಅರ್ಧ ಗಂಟೆ ಮಾತ್ರ ಇದ್ದರೆ ಅದು ಬ್ರೇಕಿಗೆ ಹೋಗಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಬ್ರೇಕ್ ಆಯಿಲ್ ಒಂದು ಚಿಕ್ಕ ಡಬ್ಬಿಯಲ್ಲಿರುತ್ತದೆ. ಅದರ ಮೇಲೆ ಹೆಚ್ಚು, ಕಡಿಮೆ ಎಂಬ ಎರಡು ಗೆರೆ. ವಾರಕ್ಕೊಮ್ಮೆ ನೋಡಿ. ಮಟ್ಟ ಇಳಿಯುತ್ತಿದ್ದರೆ ‘ಸ್ವಲ್ಪ ಹಾಕಿದರಾಯಿತು’ ಎಂದು ಬಿಡಬೇಡಿ. ಒಂದೋ ಬ್ರೇಕ್ ಲೈನರ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಹಿಂದಿನ ಚಕ್ರಗಳ ಒಳಬದಿಯಲ್ಲಿ ಒದ್ದೆ ಕಲೆ ಕಂಡರೆ ಅಂದೇ ಮೆಕ್ಯಾನಿಕ್‌ಗೆ ತೋರಿಸಬೇಕು. ಅದು ಬ್ರೇಕ್ ಆಯಿಲ್ ಆಗಿರಲಿ, ಹಿಂದಿನ ಆಕ್ಸೆಲ್ಲಿನ ಆಯಿಲ್ ಆಗಿರಲಿ, ಲೈನರ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ. ಈ ಆಯಿಲ್ ಗಾಳಿಯ ತೇವ ಹೀರಿಕೊಂಡು ಕೆಡುವುದರಿಂದ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಹಳೆಯ ಗಾಡಿಗಳಲ್ಲಿ ಇದನ್ನು ಮಾಡಿಸಿದವರನ್ನು ನಾನು ಕಂಡಿದ್ದು ಬೆರಳೆಣಿಕೆಯಷ್ಟು.

ಟೈರಿನ ವಿಷಯಕ್ಕೆ ಬಂದರೆ, ಆಯುಧಪೂಜೆಯ ದಿನ ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ. ನಿಂಬೆಹಣ್ಣು ಇಡಲು ಬಗ್ಗಿದಾಗ ಟೈರಿನ ಕಡೆಯೂ ಒಮ್ಮೆ ಕಣ್ಣು ಹಾಯಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆ ಅಚ್ಚಾಗಿರುತ್ತದೆ. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು. ಅಂಗಡಿಯವರು ‘ಹೊಸದರಂತೆಯೇ ಇದೆ’ ಎಂದು ಸೆಕೆಂಡ್ ಹ್ಯಾಂಡ್ ಟೈರು ಕೊಡುವಾಗ ಈ ಅಂಕಿ ಓದಲು ಬಂದರೆ ಸಾಕು, ಅವರ ಮಾತಿನ ಧಾಟಿ ಬದಲಾಗುತ್ತದೆ. ಅಚ್ಚಿನ ಗುಂಡಿಗಳ ನಡುವೆ ಸಣ್ಣ ದಿಬ್ಬಗಳಿರುತ್ತವೆ. ಟೈರಿನ ಮೇಲ್ಮೈ ಸವೆದು ಆ ದಿಬ್ಬದ ಸಮಕ್ಕೆ ಬಂತೆಂದರೆ ಅದರ ಆಯುಸ್ಸು ಮುಗಿಯಿತು. ಪಕ್ಕದಲ್ಲಿ ಉಬ್ಬು, ಸೀಳು ಕಂಡರೆ ದಿಬ್ಬದವರೆಗೂ ಕಾಯಬಾರದು. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ಪಂಚರ್ ಆದ ದಿನ ಅಲ್ಲ, ಗಾಳಿ ಹಿಡಿಸುವ ದಿನವೇ ನೋಡಬೇಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿದ ನಂತರ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಇದು ಎರಡು ನಿಮಿಷದ ಕೆಲಸ, ಎಲ್ಲರೂ ಮರೆಯುವ ಕೆಲಸ.

ಬ್ರೇಕಿನ ನಂತರ ಹಳೆಯ ಎಂಜಿನ್ನನ್ನು ಕೊಲ್ಲುವುದು ಕಾವು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಬೋರ್‌ವೆಲ್ ನೀರು ಎಂಥದ್ದು ಎಂದು ಸ್ನಾನದ ಹಂಡೆಯ ಒಳಗೆ ಕೆರೆದು ನೋಡಿದರೆ ತಿಳಿಯುತ್ತದೆ. ಆ ಬಿಳಿ ಗಾರೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿಕೊಳ್ಳುತ್ತದೆ. ತೊಟ್ಟಿಯ ನೀರನ್ನು ಚೊಂಬಿನಲ್ಲಿ ಮೊಗೆದು ರೇಡಿಯೇಟರಿಗೆ ಸುರಿಯುವ ಅಭ್ಯಾಸ ನಮ್ಮ ಊರುಗಳಲ್ಲಿ ಗಾಡಿಗಳ ಆಯುಸ್ಸನ್ನು ತಿಂದಷ್ಟು ಬೇರೇನೂ ತಿಂದಿಲ್ಲ ಎಂದೇ ನನ್ನ ಅಭಿಪ್ರಾಯ. ಕೂಲೆಂಟ್ ದುಬಾರಿ ಎನ್ನುವವರು ಹೆಡ್ ಬಿಚ್ಚಿಸಿದಾಗ ಮೆಕ್ಯಾನಿಕ್ ಕೊಡುವ ಚೀಟಿಯನ್ನು ಓದಬೇಕು. ತೀರಾ ತುರ್ತಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನು ನೀರು ಪರವಾಗಿಲ್ಲ, ಬೋರ್‌ವೆಲ್ ನೀರು ಬೇಡ. ಬ್ಯಾಟರಿಗೆ ಮಾತ್ರ ಡಿಸ್ಟಿಲ್ಡ್ ವಾಟರೇ ಆಗಬೇಕು.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಮಟ್ಟ ನೋಡಿ. ಅದೇ ಕೈಯಲ್ಲಿ ರಬ್ಬರ್ ಹೋಸನ್ನು ಒತ್ತಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಹಣ್ಣಾದ ಪರಂಗಿಯಂತೆ ಮೆತ್ತಗಾಗಿದ್ದರೆ ಬದಲಿಸುವ ಕಾಲ ಬಂದಿದೆ. ಫ್ಯಾನ್ ಬೆಲ್ಟಿನ ಒಳಮೈ ತಿರುಗಿಸಿ ನೋಡಿ. ಓಡುವಾಗ ಕಾವಿನ ಮುಳ್ಳು ಮೇಲೇರಿದರೆ ಗಾಡಿ ಓಡಿಸುವವರು ‘ಡೇರಿ ಇನ್ನೆರಡೇ ಕಿಲೋಮೀಟರ್’ ಎಂದು ಎಳೆದುಕೊಂಡು ಹೋಗಬಾರದು. ಆ ಎರಡು ಕಿಲೋಮೀಟರಿನಲ್ಲೇ ಎಂಜಿನ್ ಹೋಗುತ್ತದೆ. ನಿಲ್ಲಿಸಿ, ತಾನಾಗಿ ಆರಲು ಬಿಡಬೇಕು. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತಿರುಗಿಸಿದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಹಾಲು ತಡವಾದರೆ ಒಂದು ಹೊತ್ತಿನ ನಷ್ಟ, ಇದು ಹಾಗಲ್ಲ.

ಎಂಜಿನ್ ಆಯಿಲ್ ನೋಡುವ ಕಡ್ಡಿಯನ್ನು ಸಮ ನೆಲದಲ್ಲಿ, ಗಾಡಿ ಸ್ಟಾರ್ಟ್ ಮಾಡುವ ಮೊದಲು ಎಳೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು. ಡೀಸೆಲ್ ಗಾಡಿಯ ಆಯಿಲ್ ಬೇಗ ಕಪ್ಪಾಗುತ್ತದೆ, ಬಣ್ಣ ಕಂಡು ಗಾಬರಿಯಾಗಬೇಡಿ, ಮಟ್ಟ ನೋಡಿ. ಆದರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದು ಅರ್ಥ. ಆ ಗಾಡಿಯನ್ನು ಅಂದು ಓಡಿಸಬಾರದು. ಆಯಿಲ್ ಬದಲಾವಣೆಗೆ ಕಿಲೋಮೀಟರ್ ಲೆಕ್ಕ ಕೈಪಿಡಿಯಲ್ಲಿದೆ, ಆದರೆ ಹಳೆಯ ಗಾಡಿಗಳಲ್ಲಿ ಅರ್ಧಕ್ಕರ್ಧ ಮೀಟರೇ ನಿಂತಿರುತ್ತದೆ. ಆಗ ಕ್ಯಾಲೆಂಡರ್ ನೋಡಿ. ಎರಡು ಹೊತ್ತು ಸೇರಿ ದಿನಕ್ಕೆ 60 ಕಿಲೋಮೀಟರ್ ಓಡಿದರೆ ಐದೂವರೆ ತಿಂಗಳಿಗೆ ಹತ್ತು ಸಾವಿರ ಆಯಿತು. ಹಸು ಗಬ್ಬ ಕಟ್ಟಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದಿಲ್ಲವೇ? ಅದೇ ಪುಟದಲ್ಲಿ ಆಯಿಲ್ ಬದಲಿಸಿದ ದಿನವೂ ಇರಲಿ.

ಸಗಣಿ ನೋಡಿ ಹಸುವಿನ ಹೊಟ್ಟೆ ಹೇಳುವ ನಮಗೆ ಹೊಗೆ ನೋಡಿ ಎಂಜಿನ್ನಿನ ಹೊಟ್ಟೆ ಹೇಳುವುದು ಕಷ್ಟವಲ್ಲ. ಕಪ್ಪು ಹೊಗೆ ಎಂದರೆ ಉಸಿರಾಟ ಕಟ್ಟಿದೆ, ಮೊದಲು ಏರ್ ಫಿಲ್ಟರ್ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಚಳಿಯ ಬೆಳಿಗ್ಗೆ ಒಂದಿಷ್ಟು ಬಿಳಿ ಹೊಗೆ ಸಹಜ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ, ಕೂಲೆಂಟ್ ಕೂಡ ಕಡಿಮೆಯಾಗುತ್ತಿದ್ದರೆ, ಗ್ಯಾರೇಜಿಗೆ ಫೋನ್ ಮಾಡಿ.

ನಮ್ಮ ಕಸುಬಿನ ಗಾಡಿಗಳಿಗೆ ಇರುವ ಕೆಲವು ಕಾಯಿಲೆ ಬೇರೆ ಗಾಡಿಗಳಿಗಿಲ್ಲ. ಕಂಪನಿಯ ಪುಸ್ತಕದಲ್ಲೂ ಅದು ಸಿಗುವುದಿಲ್ಲ. ರಾಗಿ ಹುಲ್ಲು, ಒಣ ಜೋಳದ ಕಡ್ಡಿ ತುಂಬುವಾಗ ಏಳುವ ಧೂಳು ಏರ್ ಫಿಲ್ಟರಿಗೆ ಹೋಗಿ ಕೂರುತ್ತದೆ. ಸುಗ್ಗಿಯ ತಿಂಗಳುಗಳಲ್ಲಿ ಅದನ್ನು ಬಿಚ್ಚಿ ನೋಡುವುದು ವಾರದ ಕೆಲಸವಾಗಬೇಕು. ಹುಲ್ಲಿನ ಎಳೆ ಸೈಲೆನ್ಸರಿನ ಬಳಿ ಸಿಕ್ಕಿಕೊಂಡರೆ ಬೆಂಕಿಯ ಭಯ, ಲೋಡ್ ಇಳಿಸಿದ ಮೇಲೆ ಅಡಿಗೆ ಬಗ್ಗಿ ನೋಡಿ. ರೇಡಿಯೇಟರಿನ ಮುಂದೆ ಹೊಟ್ಟು ಅಂಟಿದ್ದರೆ ಮೆತ್ತನೆಯ ನೀರಿನಿಂದ ತೊಳೆಯಿರಿ. ಕ್ಯಾನಿನಿಂದ ಚೆಲ್ಲಿದ ಹಾಲು ಹುಳಿಯಾಗಿ ಗಾಡಿಯ ಹಲಗೆ ಸಂದಿಗೆ ಇಳಿದು ತಗಡನ್ನು ತಿನ್ನುತ್ತದೆ. ಹಸುವನ್ನು ಆಸ್ಪತ್ರೆಗೋ ಸಂತೆಗೋ ಸಾಗಿಸಿದಾಗ ಬಿದ್ದ ಗಂಜಲ, ತೂತಾದ ಚೀಲದಿಂದ ಉದುರಿದ ಉಪ್ಪು, ಖನಿಜ ಮಿಶ್ರಣ ಅದಕ್ಕಿಂತಲೂ ಕೆಟ್ಟವು. ಮೇಲಿನ ಹಲಗೆ ಹೊಳೆಯುತ್ತಿರುತ್ತದೆ, ಅಡಿಯಲ್ಲಿ ಚಾಸಿಸ್ ತುಕ್ಕು ಹಿಡಿದಿರುತ್ತದೆ. ಕ್ಯಾನು ತೊಳೆದ ಮೇಲೆ ಒಂದೆರಡು ಬಕೆಟ್ ನೀರನ್ನು ಗಾಡಿಯ ಹಿಂಬದಿಗೂ ಹೊಡೆದು, ನೀರು ಇಳಿದುಹೋಗುವ ತೂತುಗಳಲ್ಲಿ ಕಟ್ಟಿಕೊಂಡ ಹುಲ್ಲನ್ನು ಕಡ್ಡಿಯಿಂದ ತೆಗೆಯಿರಿ. ಪೇಂಟಿಗೆ ಖರ್ಚು ಮಾಡುವುದಕ್ಕಿಂತ ಇದೇ ಮೇಲು. ಕಮಾನು ಪಟ್ಟಿ, ಸ್ಟೇರಿಂಗ್ ಕೊಂಡಿ, ಹಿಂದಕ್ಕೆ ತಿರುಗುವ ಶಾಫ್ಟಿನ ಕೀಲುಗಳಿಗೆ ಗ್ರೀಸ್ ಹೊಡೆಸುವುದೂ ಇದೇ ಸಾಲಿಗೆ ಸೇರಿದ್ದು. ಗ್ರೀಸ್ ಗನ್ನು ಊರಲ್ಲಿ ಟ್ರ್ಯಾಕ್ಟರ್ ಇರುವವರ ಮನೆಯಲ್ಲಿ ಇದ್ದೇ ಇರುತ್ತದೆ.

ಇನ್ನು ಬಿಡಬಹುದಾದದ್ದು. ಬಾಗಿಲಿನ ಗುಳಿ, ಹರಿದ ಸೀಟು, ಮಾಸಿದ ಬಣ್ಣ, ಹಾಡದ ಟೇಪ್, ಮುಂದಿನ ಗಾಜಿನ ಮೇಲೆ ಬರೆಸುವ ದೊಡ್ಡ ಹೆಸರು ಇವೆಲ್ಲ ಕಾಯಲಿ. ಬ್ರೇಕ್ ಲೈನರಿಗೆ ದುಡ್ಡಿಲ್ಲ ಎಂದವರು ಬಣ್ಣದ ದೀಪದ ಸರ ಹಾಕಿಸಿಕೊಂಡು ಬಂದದ್ದನ್ನು ನೀವೂ ನೋಡಿರುತ್ತೀರಿ. ಹಿಂದಿನ ಕೆಂಪು ದೀಪ, ತಿರುಗುವ ದೀಪ, ಹೆಡ್‌ಲೈಟು ಮಾತ್ರ ಅಲಂಕಾರದ ಲೆಕ್ಕಕ್ಕೆ ಬರುವುದಿಲ್ಲ. ಚಳಿಗಾಲದ ಮಂಜಿನಲ್ಲಿ ಬೆಳಿಗ್ಗೆ ಆರಕ್ಕೆ ಹಾಲು ಒಯ್ಯುವ ಗಾಡಿ ಇದು.

ಸಮಯದ ತಂತ್ರವನ್ನೂ ಸ್ವಲ್ಪ ಹೇಳಬೇಕು. ಹೋಬಳಿಯ ಗ್ಯಾರೇಜು ತೆರೆಯುವುದು ಹತ್ತಕ್ಕೆ, ಸಂಜೆಯ ಹಾಲಿಗೆ ಗಾಡಿ ಬೇಕಾಗುವುದು ಐದಕ್ಕೆ. ನಮಗಿರುವುದು ಈ ಆರೇಳು ಗಂಟೆ. ಇದರಲ್ಲಿ ಮೂರು ಗಂಟೆ ಸಾಮಾನು ತರಲು ತಾಲ್ಲೂಕಿಗೆ ಹೋಗಿ ಬರುವುದರಲ್ಲೇ ಕಳೆಯುತ್ತದೆ. ಹಿಂದಿನ ದಿನವೇ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಗಾಡಿಯ ಮಾದರಿ, ಇಸವಿ ಹೇಳಿ, ಸಾಮಾನು ತರಿಸಿಟ್ಟ ಮೇಲೆ ಗಾಡಿ ಒಯ್ದರೆ ಅರ್ಧ ದಿನ ಉಳಿಯುತ್ತದೆ. ಒಂದು ಫ್ಯಾನ್ ಬೆಲ್ಟು, ಮೇಲಿನ ಹೋಸು, ಅದರ ಎರಡು ಕ್ಲಿಪ್ಪು, ಫ್ಯೂಸು, ಬಲ್ಬು, ಒಂದು ಲೀಟರ್ ಆಯಿಲ್, ಕೂಲೆಂಟ್ ಬಾಟಲಿ ಸೀಟಿನ ಹಿಂದೆ ಸದಾ ಇರಲಿ. ಊರಿನ ಇನ್ನೊಂದು ಗಾಡಿಯ ಮನೆಯವರ ಜೊತೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ನಮ್ಮದು ನಿಂತ ದಿನ ಅವರು ನಮ್ಮ ಕ್ಯಾನು ಒಯ್ಯಲಿ, ಅವರದು ನಿಂತ ದಿನ ನಾವು. ಕರೆದ ಹಾಲು ಸುಮಾರು 37 ಡಿಗ್ರಿ ಬಿಸಿ ಇರುತ್ತದೆ, ಬಿ.ಎಂ.ಸಿ.ಯಲ್ಲಿ ಅದು 4 ಡಿಗ್ರಿಗೆ ಇಳಿಯಬೇಕು. ಬೇಸಿಗೆಯಲ್ಲಿ ರಸ್ತೆ ಬದಿ ಮೂರು ನಾಲ್ಕು ಗಂಟೆ ನಿಂತ ಕ್ಯಾನನ್ನು ಪರೀಕ್ಷೆಯಲ್ಲಿ ತಿರಸ್ಕರಿಸಿದರೆ ಡೇರಿಯವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಆ ನಷ್ಟ ಒಂದು ಮನೆಯದಲ್ಲ, ಆ ಕ್ಯಾನಿಗೆ ಹಾಲು ಸುರಿದ ಎಲ್ಲರದ್ದು.

‘ನಾವು ಬಾನೆಟ್ ಎತ್ತಿದರೆ ಮನೆಯವರು ಏನಂದುಕೊಳ್ಳುತ್ತಾರೋ’ ಎಂಬ ಹಿಂಜರಿಕೆ ಇರುತ್ತದೆ. ಮೊದಲ ದಿನ ನಗುತ್ತಾರೆ. ಹೋಸಿನ ಬಿರುಕು ನೀವು ತೋರಿಸಿದ ದಿನ ನಗು ನಿಲ್ಲುತ್ತದೆ. ಓಡಿಸುವವರ ಮೇಲೆ ತಪ್ಪು ಹುಡುಕುವ ಧಾಟಿ ಬೇಡ, ಅವರಿಗೂ ನಿದ್ದೆ ಇಲ್ಲ. ನೋಡುವವರು ಒಬ್ಬರಾದರೆ ಮಾಡಿಸುವವರು ಇನ್ನೊಬ್ಬರಾಗಲಿ. ಇದಕ್ಕೆ ಬೇಕಾದ್ದು ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್. ದಿನಾಂಕ, ಏನು ಬದಲಿಸಿದ್ದು, ಎಷ್ಟು ಕೊಟ್ಟಿದ್ದು, ಅಂದು ಹಾಲು ತಪ್ಪಿತೇ, ಇಷ್ಟೇ. ಆ ಪುಸ್ತಕ ಹಾಲಿನ ಪಾಸ್‌ಬುಕ್ಕಿನ ಜೊತೆ, ನಿಮ್ಮ ಕೈಗೆಟುಕುವ ಜಾಗದಲ್ಲಿರಲಿ.

ಗಾಡಿ ಮಾರುವ ತೀರ್ಮಾನವೂ ಆ ಪುಸ್ತಕದಿಂದಲೇ ಬರಬೇಕು. ಹಳೆಯದನ್ನು ಎಂದೂ ಬಿಡಬೇಡಿ ಎನ್ನುವವಳಲ್ಲ ನಾನು. ವರ್ಷದ ರಿಪೇರಿ ಖರ್ಚನ್ನು ಹನ್ನೆರಡರಿಂದ ಭಾಗಿಸಿ, ಅದು ಹೊಸ ಗಾಡಿಯ ಕಂತಿನ ಹತ್ತಿರ ಬಂದಿದ್ದರೆ ಮಾರಿ. ಚಾಸಿಸ್ ಸೀಳಿದ್ದರೆ, ತುಕ್ಕು ಒತ್ತಿದರೆ ಪುಡಿಯಾಗುವಷ್ಟಿದ್ದರೆ ಲೆಕ್ಕ ಹಾಕುತ್ತಾ ಕೂರುವುದೂ ಬೇಡ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷವೂ ಎಫ್‌ಸಿ ಆಗಬೇಕು, ಅದಿಲ್ಲದೆ ಓಡಿಸಿದರೆ ದಂಡ ಒಂದು ಕಡೆ, ಅಪಘಾತವಾದಾಗ ವಿಮೆಯವರ ತಕರಾರು ಇನ್ನೊಂದು ಕಡೆ. ಎಫ್‌ಸಿಗೆ ಹೋಗುವ ಹಿಂದಿನ ವಾರ ಮಾತ್ರ ಬ್ರೇಕು, ದೀಪ ಸರಿಮಾಡಿಸಿ ಉಳಿದ ಐವತ್ತೊಂದು ವಾರ ದೇವರ ಮೇಲೆ ಭಾರ ಹಾಕುವವರಿಗೆ ಹೇಳುವುದೇನೂ ಇಲ್ಲ.

ಒಂದು ಬೇಡಿಕೆಯನ್ನು ನಾವೆಲ್ಲ ಸೇರಿ ಇಡಬಹುದು. ಸಂಘದ ವಾರ್ಷಿಕ ಮಹಾಸಭೆಗಳು ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತವೆ. ಶುದ್ಧ ಹಾಲು ಉತ್ಪಾದನೆಯ ತರಬೇತಿ ಶಿಬಿರದಲ್ಲಿ ಅರ್ಧ ದಿನ ಗಾಡಿಗೂ ಇರಲಿ ಎಂದು ಅಲ್ಲಿ ಕೇಳಿ. ಒಬ್ಬ ಅನುಭವಿ ಮೆಕ್ಯಾನಿಕ್, ಬಾನೆಟ್ ಎತ್ತಿದ ಒಂದು ಹಳೆಯ ಪಿಕಪ್, ಅದರ ಸುತ್ತ ನಾವು ಇಪ್ಪತ್ತು ಮಂದಿ. ಡೇರಿಗೆ ಬರುವ ರೂಟಿನ ಗಾಡಿಯ ಎಫ್‌ಸಿ, ವಿಮೆ ಯಾವ ತಿಂಗಳವರೆಗಿದೆ, ಅದು ಕೆಟ್ಟ ದಿನ ಬದಲಿ ಗಾಡಿ ಯಾವುದು ಎಂದೂ ಅದೇ ಸಭೆಯಲ್ಲಿ ಕೇಳಿ. ಉತ್ತರವನ್ನು ನಡಾವಳಿಯಲ್ಲಿ ಬರೆಯಲು ಕಾರ್ಯದರ್ಶಿಯವರಿಗೆ ಹೇಳುವುದನ್ನು ಮರೆಯಬೇಡಿ.